ಮುದ್ರೆ, ಸನದ್ ಮತ್ತು ನಾಲಗೆ: ಹೆಸರಿನ ಅಮಾನತ್ತಿನ ಇತಿಹಾಸ

ಮದೀನಾದ ಮಸ್ಜಿದುನ್ನಬವಿಯ ಸೇವಕರಾದ ಶೇಖ್ ಅಹ್ಮದ್ ಎಂಬವರಿಗೆ ಕನಸಿನಲ್ಲಿ ಪ್ರವಾದಿವರ್ಯರ(ಸ) ದರ್ಶನವಾಯಿತು ಎಂದು ಆರಂಭವಾಗುವ ಸಂದೇಶವೊಂದು ನಮ್ಮಲ್ಲಿ ಅನೇಕರ ಮೊಬೈಲಿಗೆ ಒಮ್ಮೆಯಾದರೂ ಬಂದಿರುತ್ತದೆ. ಇಷ್ಟು ಸಾವಿರ ಮುಸ್ಲಿಮರು ಮೃತಪಟ್ಟರು, ಅವರಲ್ಲಿ ಸ್ವರ್ಗಕ್ಕೆ ಅರ್ಹರಾದವರು ಬೆರಳೆಣಿಕೆಯ ಮಂದಿ ಮಾತ್ರ ಎಂದು ಅದು ಹೇಳುತ್ತದೆ. ಇದನ್ನು ಇತರರಿಗೆ ತಲುಪಿಸಿದವನಿಗೆ ಸಂಪತ್ತು ಬಂತು, ತಲುಪಿಸದೆ ಕಡೆಗಣಿಸಿದವನಿಗೆ ವಿಪತ್ತು ಎರಗಿತು ಎಂಬ ಆಮಿಷ ಮತ್ತು ಬೆದರಿಕೆಗಳೊಂದಿಗೆ ಅದು ಮುಗಿಯುತ್ತದೆ.

ಇದು ಮೊಬೈಲ್ ಯುಗದಲ್ಲಿ ಹುಟ್ಟಿದ್ದಲ್ಲ. 1880ರ ದಶಕದಲ್ಲೇ ಡಚ್ ವಿದ್ವಾಂಸ ಸ್ನೂಕ್ ಹುರ್‌ಗ್ರೋನ್ಯೆ ಇಂತಹದೇ ‘ವಸಿಯ್ಯತ್’ ಪತ್ರದ ಬಗ್ಗೆ ಬರೆದಿದ್ದರು. ಆಗ ಅದು ಕೈಬರಹದ ಪ್ರತಿಗಳಲ್ಲಿ ಹರಡುತ್ತಿತ್ತು. ಆನಂತರ ಅಚ್ಚಿನ ಕರಪತ್ರವಾಯಿತು, ಜೆರಾಕ್ಸ್ ಪ್ರತಿಯಾಯಿತು, ಈಗ ವಾಟ್ಸಾಪ್ ಸಂದೇಶವಾಗಿದೆ. ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರಾದ ಶೇಖ್ ಇಬ್ನ್ ಬಾಝ್(ರ) ಇದು ಸುಳ್ಳು ಎಂದು ಪ್ರತ್ಯೇಕ ಲೇಖನವನ್ನೇ ಬರೆದರು. ಆದರೂ ಅದು ನಿಂತಿಲ್ಲ. ಏಕೆಂದರೆ ಅದನ್ನು ಮುಂದಕ್ಕೆ ಕಳುಹಿಸುವವರಲ್ಲಿ ಯಾರೂ ಒಂದು ಸರಳವಾದ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ: ಇದನ್ನು ಹೇಳಿದವರು ಯಾರು? ಅವರು ಅದನ್ನು ಹೇಳಿದ್ದನ್ನು ಕೇಳಿದವರು ಯಾರು?

ವಿಪರ್ಯಾಸವೆಂದರೆ, ಜಗತ್ತಿನಲ್ಲಿ ಈ ಪ್ರಶ್ನೆಯನ್ನು ಒಂದು ಶಾಸ್ತ್ರವನ್ನಾಗಿ ಬೆಳೆಸಿದ ಸಮುದಾಯ ನಮ್ಮದು. ಇಂದು ‘ಡಿಜಿಟಲ್ ಸಾಕ್ಷರತೆ’ ಎಂದು ಕರೆಯಲಾಗುವ ವಿಷಯವನ್ನು ಬಿಡಿಸಿ ನೋಡಿದರೆ ಅದರಲ್ಲಿ ಉಳಿಯುವುದು ಮುಖ್ಯವಾಗಿ ಮೂರು ಸಂಗತಿಗಳು. ನಮ್ಮ ಹೆಸರನ್ನು ಇತರರು ಬಳಸದಂತೆ ಕಾಯುವುದು, ನಮ್ಮ ಬಳಿಗೆ ಬಂದ ಮಾತಿನ ಹಿಂದಿರುವ ಹೆಸರನ್ನು ಪರೀಕ್ಷಿಸುವುದು, ಇತರರ ಹೆಸರಿಗೆ ನಮ್ಮಿಂದ ಕಳಂಕ ತಗಲದಂತೆ ನೋಡಿಕೊಳ್ಳುವುದು. ಈ ಮೂರಕ್ಕೂ ಇಸ್ಲಾಮೀ ಇತಿಹಾಸದಲ್ಲಿ ದೀರ್ಘವಾದ ಪರಂಪರೆಯಿದೆ.

ಮೂರು ಸಾಲಿನ ಮುದ್ರೆ

ಹುದೈಬಿಯಾ ಒಪ್ಪಂದದ ಬಳಿಕ ಪ್ರವಾದಿವರ್ಯರು(ಸ) ಅರೇಬಿಯಾದ ಹೊರಗಿನ ಅರಸರಿಗೆ ಪತ್ರಗಳ ಮೂಲಕ ಇಸ್ಲಾಮಿನ ಆಹ್ವಾನ ನೀಡಲು ನಿರ್ಧರಿಸಿದರು. ಮುದ್ರೆಯಿಲ್ಲದ ಪತ್ರವನ್ನು ರೋಮನರು ಓದುವುದಿಲ್ಲ ಎಂದು ಆಗ ಅವರಿಗೆ ತಿಳಿಸಲಾಯಿತು. ಪ್ರವಾದಿವರ್ಯರು(ಸ) ಬೆಳ್ಳಿಯ ಉಂಗುರವೊಂದನ್ನು ಮಾಡಿಸಿದರು. ಅದರಲ್ಲಿ ಮುಹಮ್ಮದ್, ರಸೂಲ್, ಅಲ್ಲಾಹ್ ಎಂಬ ಮೂರು ಪದಗಳನ್ನು ಮೂರು ಸಾಲುಗಳಲ್ಲಿ ಕೆತ್ತಲಾಯಿತು. ಹಝ್ರತ್ ಅನಸ್(ರ) ಅವರ ಈ ವರದಿಯು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಉಂಗುರ ಧರಿಸುವ ವಿಧಿಯ ಚರ್ಚೆಯಲ್ಲಿ ಮಾತ್ರ ಕೇಳಿರುತ್ತೇವೆ. ಆದರೆ ವರದಿಯಲ್ಲಿ ಇನ್ನೊಂದು ಮಾತಿದೆ. ತನ್ನ ಉಂಗುರದ ಮೇಲಿರುವ ಕೆತ್ತನೆಯಂತಹ ಕೆತ್ತನೆಯನ್ನು ಬೇರಾರೂ ಮಾಡಿಸಿಕೊಳ್ಳಬಾರದೆಂದು ಪ್ರವಾದಿವರ್ಯರು(ಸ) ತಡೆದರು. ಅನುಚರರಲ್ಲಿ ಯಾರಾದರೂ ಪ್ರೀತಿಯಿಂದಲೇ ಅದೇ ಪದಗಳನ್ನು ತಮ್ಮ ಉಂಗುರದ ಮೇಲೆ ಕೆತ್ತಿಸಿಕೊಳ್ಳುವ ಸಾಧ್ಯತೆ ಇತ್ತು. ಉದ್ದೇಶ ಎಷ್ಟೇ ಒಳ್ಳೆಯದಾದರೂ ಒಂದೇ ಗುರುತು ಇಬ್ಬರ ಕೈಯಲ್ಲಿದ್ದರೆ ಅದು ಗುರುತಾಗಿ ಉಳಿಯುವುದಿಲ್ಲ. ಪತ್ರವನ್ನು ಸ್ವೀಕರಿಸಿದ ದೂರದ ಅರಸನಿಗೆ ಅದು ನಿಜವಾಗಿಯೂ ಯಾರಿಂದ ಬಂತು ಎಂದು ತಿಳಿಯುವ ಮಾರ್ಗವೇ ಮುಚ್ಚಿಹೋಗುತ್ತದೆ.

ಆ ಉಂಗುರವು ಪ್ರವಾದಿವರ್ಯರ(ಸ) ಬಳಿಕ ಅಬೂಬಕರ್(ರ), ಉಮರ್(ರ) ಮತ್ತು ಉಸ್ಮಾನ್(ರ) ಅವರ ಕೈಗಳಿಗೆ ಕ್ರಮವಾಗಿ ಬಂತು. ಉಸ್ಮಾನ್(ರ) ಅವರ ಆಡಳಿತ ಕಾಲದಲ್ಲಿ ಅದು ಅರೀಸ್ ಎಂಬ ಬಾವಿಗೆ ಬಿತ್ತು. ಮೂರು ದಿನಗಳ ಕಾಲ ಹುಡುಕಲಾಯಿತು, ಬಾವಿಯ ನೀರನ್ನೆಲ್ಲ ಎತ್ತಿಸಲಾಯಿತು, ಆದರೆ ಅದು ಸಿಗಲಿಲ್ಲ.

ಖಲೀಫರ ಹೆಸರಿನ ಪತ್ರ

ಮುದ್ರೆ ಇದ್ದಲ್ಲಿ ಮುದ್ರೆಯನ್ನು ನಕಲು ಮಾಡುವವರೂ ಇರುತ್ತಾರೆ. ಉಮರ್(ರ) ಅವರ ಕಾಲದಲ್ಲೇ ಒಬ್ಬಾತ ಖಿಲಾಫತ್ತಿನ ಮುದ್ರೆಯನ್ನು ನಕಲಿಯಾಗಿ ಕೆತ್ತಿಸಿ ಕೂಫಾದ ಕಂದಾಯದ ಹಣವನ್ನು ಪಡೆದುಕೊಂಡ ಘಟನೆಯನ್ನು ಇತಿಹಾಸಕಾರ ಬಲಾದುರಿ ದಾಖಲಿಸಿದ್ದಾರೆ. ಅವನಿಗೆ ಶಿಕ್ಷೆಯಾಯಿತು. ಅಲ್ಲಿ ನಷ್ಟವಾದದ್ದು ಹಣ ಮಾತ್ರ.

ಹಿಜರಿ 35ರಲ್ಲಿ, ಅಂದರೆ ಕ್ರಿ.ಶ. 656ರಲ್ಲಿ ಆದ ನಷ್ಟವನ್ನು ಈ ಸಮುದಾಯವು ಇಂದಿಗೂ ಭರಿಸುತ್ತಿದೆ. ಉಸ್ಮಾನ್(ರ) ಅವರ ಆಡಳಿತದ ಬಗ್ಗೆ ದೂರು ಹೇಳಲು ಈಜಿಪ್ಟಿನಿಂದ ಮದೀನಾಕ್ಕೆ ಬಂದಿದ್ದ ಗುಂಪೊಂದು ಮಾತುಕತೆಯ ಬಳಿಕ ಸಮಾಧಾನದಿಂದ ಹಿಂದಿರುಗುತ್ತಿತ್ತು. ದಾರಿಯಲ್ಲಿ ಅವರಿಗೆ ಒಬ್ಬ ದೂತ ಸಿಕ್ಕಿದ. ಅವನ ಬಳಿ ಈಜಿಪ್ಟಿನ ರಾಜ್ಯಪಾಲರಿಗೆ ಬರೆದ ಪತ್ರವೊಂದಿತ್ತು. ಹಿಂದಿರುಗಿ ಬರುವ ಆ ಜನರನ್ನೇ ಕಠಿಣವಾಗಿ ಶಿಕ್ಷಿಸುವಂತೆ ಅದರಲ್ಲಿ ಆಜ್ಞೆಯಿತ್ತು. ಕೆಳಗೆ ಖಲೀಫರ ಮುದ್ರೆಯಿತ್ತು.

ಗುಂಪು ಮದೀನಾಕ್ಕೆ ಮರಳಿತು. ತಾನು ಈ ಪತ್ರವನ್ನು ಬರೆದಿಲ್ಲ, ಬರೆಯಿಸಿಲ್ಲ, ಅದರ ಬಗ್ಗೆ ತನಗೆ ತಿಳಿದೇ ಇಲ್ಲವೆಂದು ಉಸ್ಮಾನ್(ರ) ಅಲ್ಲಾಹನ ಮೇಲೆ ಆಣೆಯಿಟ್ಟು ಹೇಳಿದರು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಪತ್ರ ಬರೆಯಲು ಸಾಧ್ಯ, ಒಂದು ಮುದ್ರೆಯಂತೆಯೇ ಇನ್ನೊಂದು ಮುದ್ರೆಯನ್ನು ಕೆತ್ತಲು ಸಾಧ್ಯ ಎಂದು ಅವರು ನೆನಪಿಸಿದರು. ಬೇಕಾದರೆ ಸಾಕ್ಷಿಗಳನ್ನು ತನ್ನಿರಿ ಎಂದರು. ಆದರೆ ರೊಚ್ಚಿಗೆದ್ದವರಿಗೆ ಮುದ್ರೆ ಕಂಡಿತ್ತು, ಅಷ್ಟು ಸಾಕಾಗಿತ್ತು. ಮನೆಗೆ ಮುತ್ತಿಗೆ ಹಾಕಲಾಯಿತು. ಕೊನೆಗೆ ಕುರ್‌ಆನ್ ಪಾರಾಯಣ ಮಾಡುತ್ತಿದ್ದ ಖಲೀಫರನ್ನು ಅವರ ಮನೆಯೊಳಗೇ ಕೊಲ್ಲಲಾಯಿತು. ಆ ಪತ್ರವನ್ನು ಬರೆದವರು ಯಾರು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಆ ದುರಂತಕ್ಕೆ ಬೇರೆ ಕಾರಣಗಳೂ ಇದ್ದವು ಎಂಬುದು ನಿಜ. ಆದರೆ ಹಿಂದಿರುಗಿ ಹೊರಟಿದ್ದ ಗುಂಪನ್ನು ಮರಳಿ ಕರೆತಂದದ್ದು ಒಂದು ಕಾಗದ. ಅದರ ಮೇಲಿದ್ದ ಹೆಸರಿನ ಒಡೆಯನು ಅಲ್ಲಿಯೇ ನಿಂತು ‘ಇದು ನನ್ನದಲ್ಲ’ ಎನ್ನುತ್ತಿದ್ದರೂ ಕಾಗದವನ್ನೇ ನಂಬಲಾಯಿತು.

ಮುಂದೆ ಮುಆವಿಯಾ(ರ) ಅವರ ಕಾಲದಲ್ಲಿ, ಒಬ್ಬ ವ್ಯಕ್ತಿಗೆ 1,00,000 ದಿರ್ಹಮ್ ನೀಡುವಂತೆ ಇರಾಕಿಗೆ ಕಳುಹಿಸಿದ ಪತ್ರವನ್ನು ದಾರಿಯಲ್ಲಿ ತೆರೆದು ಮೊತ್ತವನ್ನು 2,00,000 ಎಂದು ತಿದ್ದಲಾಯಿತು. ಲೆಕ್ಕ ಒಪ್ಪಿಸುವಾಗ ಮೋಸ ಬಯಲಾಯಿತು. ಆಗ ಅವರು ‘ದೀವಾನುಲ್ ಖಾತಮ್’ ಎಂಬ ಮುದ್ರಾ ಇಲಾಖೆಯನ್ನು ಸ್ಥಾಪಿಸಿದರೆಂದು ಇತಿಹಾಸಕಾರರು ಹೇಳುತ್ತಾರೆ. ಅಲ್ಲಿಂದ ಮುಂದೆ ಪತ್ರಗಳನ್ನು ಮಡಚಿ, ಕಟ್ಟಿ, ಮೊಹರು ಮಾಡಿ ಕಳುಹಿಸುವ ಪದ್ಧತಿ ಬಂತು. ಇಂದು ನಾವು ಪಾಸ್‌ವರ್ಡ್, ಒಟಿಪಿ ಎಂದು ಕರೆಯುವ ವ್ಯವಸ್ಥೆಗಳ ಹಿಂದೆ ಇರುವುದೂ ಇದೇ ಅಗತ್ಯ: ಕಳುಹಿಸಿದವನು ಅವನೇ ಎಂಬ ಖಾತರಿ, ಮಧ್ಯೆ ಯಾರೂ ಕೈಯಾಡಿಸಿಲ್ಲ ಎಂಬ ಖಾತರಿ. ಫೋನಿನಲ್ಲಿ ಬಂದ ಅಪರಿಚಿತ ಧ್ವನಿಗೆ ಒಟಿಪಿ ಹೇಳಿಬಿಡುವವನು ತನ್ನ ಮುದ್ರೆಯುಂಗುರವನ್ನೇ ಬಿಚ್ಚಿ ದಾರಿಹೋಕನ ಕೈಗಿಟ್ಟಂತೆ.

ಯಾರಿಂದ ಕೇಳಿದಿರಿ?

ಮೊದಲು ಜನರು ಸನದ್‌ನ ಬಗ್ಗೆ, ಅಂದರೆ ವರದಿ ಯಾರಿಂದ ಯಾರಿಗೆ ಬಂತು ಎಂಬ ಸರಣಿಯ ಬಗ್ಗೆ ವಿಚಾರಿಸುತ್ತಿರಲಿಲ್ಲ, ಕ್ಷೋಭೆ ತಲೆದೋರಿದ ಬಳಿಕ ವಿಚಾರಿಸತೊಡಗಿದರು ಎಂಬರ್ಥದ ಮಾತನ್ನು ತಾಬಿಯೀ ವಿದ್ವಾಂಸರಾದ ಇಬ್ನ್ ಸೀರೀನ್(ರ) ಹೇಳಿದ್ದಾರೆ. ಅವರು ಹಿಜರಿ 110ರಲ್ಲಿ ನಿಧನರಾದವರು. ಇಮಾಮ್ ಮುಸ್ಲಿಮ್(ರ) ಇದನ್ನು ತಮ್ಮ ‘ಸಹೀಹ್’ನ ಮುನ್ನುಡಿಯಲ್ಲಿ ದಾಖಲಿಸಿದ್ದಾರೆ. ಆ ಕ್ಷೋಭೆ ಎಂದರೆ ಉಸ್ಮಾನ್(ರ) ಅವರ ಹತ್ಯೆಯಿಂದ ಆರಂಭವಾದ ಒಳಜಗಳಗಳು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಸುಳ್ಳಿನಿಂದ ಗಾಯಗೊಂಡ ಸಮುದಾಯವು ಆ ಗಾಯದಿಂದಲೇ ಪಾಠ ಕಲಿಯಿತು.

ಪ್ರವಾದಿವರ್ಯರ(ಸ) ಹೆಸರಿನಲ್ಲಿ ಒಂದು ಮಾತನ್ನು ಹೇಳಿದವನು ಅದನ್ನು ಯಾರಿಂದ ಕೇಳಿದೆನೆಂದು ಹೇಳಬೇಕಾಯಿತು. ಆ ವ್ಯಕ್ತಿ ಯಾರು, ಎಲ್ಲಿಯವನು, ಯಾವಾಗ ಹುಟ್ಟಿದ, ಯಾವಾಗ ಸತ್ತ, ಅವನ ನೆನಪು ಹೇಗಿತ್ತು, ಮುಪ್ಪಿನಲ್ಲಿ ಗೊಂದಲಕ್ಕೆ ಬಿದ್ದಿದ್ದನೇ ಎಂದು ವಿಚಾರಿಸಲಾಯಿತು. ಹೀಗೆ ಬೆಳೆದದ್ದು ವರದಿಗಾರರ ಚರಿತ್ರೆಯ ಶಾಸ್ತ್ರ. ಇಬ್ನ್ ಸಅದ್(ರ), ಇಮಾಮ್ ಬುಖಾರಿ(ರ), ಇಬ್ನ್ ಅಬೀ ಹಾತಿಮ್(ರ) ಮುಂತಾದವರು ಸಾವಿರಾರು ವ್ಯಕ್ತಿಗಳ ವಿವರಗಳನ್ನು ಗ್ರಂಥಗಳಲ್ಲಿ ಕಾಯ್ದಿಟ್ಟರು.

ಈ ಶಾಸ್ತ್ರದ ಕೆಲವು ಪಾರಿಭಾಷಿಕ ಪದಗಳನ್ನು ಇಂದಿನ ಕಣ್ಣಿನಿಂದ ನೋಡಿದರೆ ಆಶ್ಚರ್ಯವಾಗುತ್ತದೆ. ಗುರುತು ಪತ್ತೆಯಾಗದ ವರದಿಗಾರನನ್ನು ‘ಮಜ್‌ಹೂಲ್’ ಎಂದು ಕರೆದರು. ಅವನು ಸುಳ್ಳುಗಾರನೆಂದು ಯಾರೂ ಹೇಳಲಿಲ್ಲ, ಆದರೆ ಯಾರೆಂದು ತಿಳಿಯದ ಕಾರಣ ಅವನ ವರದಿಯನ್ನು ಆಧಾರವಾಗಿ ಸ್ವೀಕರಿಸಲಿಲ್ಲ. ತಾನು ಕೇಳಿದ ಮೂಲವು ದುರ್ಬಲವೆಂದು ತಿಳಿದಿದ್ದು, ಅದನ್ನು ಮರೆಮಾಚಲು ಗುರುವನ್ನು ಯಾರಿಗೂ ಪರಿಚಯವಿಲ್ಲದ ಹೆಸರಿನಿಂದ ಕರೆಯುವುದನ್ನು ‘ತದ್ಲೀಸ್’ನ ಒಂದು ಬಗೆಯೆಂದು ಗುರುತಿಸಿದರು. ಹಿಜರಿ 160ರಲ್ಲಿ ನಿಧನರಾದ ಶುಅಬಾ(ರ) ತದ್ಲೀಸ್ ಅನ್ನು ಅತ್ಯಂತ ಕಟುವಾಗಿ ಖಂಡಿಸಿದವರು. ಒಂದೇ ಹೆಸರಿನ ಬೇರೆ ಬೇರೆ ವ್ಯಕ್ತಿಗಳನ್ನು ಒಬ್ಬನೇ ಎಂದು ತಿಳಿಯುವ ತಪ್ಪನ್ನು ತಡೆಯಲು ಪ್ರತ್ಯೇಕ ಗ್ರಂಥಗಳೇ ರಚನೆಯಾದವು. ಖಲೀಲ್ ಇಬ್ನ್ ಅಹ್ಮದ್ ಎಂಬ ಒಂದೇ ಹೆಸರಿನ 6 ಮಂದಿಯನ್ನು ಇಬ್ನುಸ್ಸಲಾಹ್(ರ) ಬೇರ್ಪಡಿಸಿ ತೋರಿಸಿದ್ದಾರೆ. ಪ್ರೊಫೈಲಿನಲ್ಲಿ ಪರಿಚಿತರ ಹೆಸರು ಮತ್ತು ಫೋಟೋ ಇದ್ದ ಮಾತ್ರಕ್ಕೆ ಹಣ ಕಳುಹಿಸಿಬಿಡುವ ನಮಗೆ ಇದರಲ್ಲಿ ಪಾಠವಿದೆ.

ಈ ಪರೀಕ್ಷೆಯಲ್ಲಿ ಬಂಧುತ್ವಕ್ಕೂ ರಿಯಾಯಿತಿ ಇರಲಿಲ್ಲ. ಇಮಾಮ್ ಬುಖಾರಿಯವರ(ರ) ಗುರುಗಳಾದ ಅಲೀ ಇಬ್ನುಲ್ ಮದೀನಿ(ರ) ಅವರೊಡನೆ, ಅವರ ತಂದೆಯ ವರದಿಗಳ ಬಗ್ಗೆ ಅಭಿಪ್ರಾಯ ಕೇಳಲಾಯಿತು. ಬೇರೆಯವರನ್ನು ಕೇಳಿರಿ ಎಂದು ಅವರು ಜಾರಿಕೊಳ್ಳಲು ನೋಡಿದರು. ಮತ್ತೆ ಕೇಳಿದಾಗ ಸ್ವಲ್ಪ ಹೊತ್ತು ತಲೆ ತಗ್ಗಿಸಿ, ಇದು ಧರ್ಮದ ವಿಷಯವೆಂದು ಹೇಳಿ, ತನ್ನ ತಂದೆ ವರದಿಗಾರಿಕೆಯಲ್ಲಿ ದುರ್ಬಲರೆಂದು ತಿಳಿಸಿದರು. ಅವರು ತಂದೆಯನ್ನು ಅವಮಾನಿಸಲಿಲ್ಲ, ಸತ್ಯವನ್ನು ಮುಚ್ಚಿಡಲೂ ಇಲ್ಲ. ಕುಟುಂಬದ ಗ್ರೂಪಿನಲ್ಲಿ ಚಿಕ್ಕಪ್ಪನೋ ದೊಡ್ಡಮ್ಮನೋ ಕಳುಹಿಸಿದ ಸುಳ್ಳು ಸುದ್ದಿಯನ್ನು ಹೇಗೆ ಎದುರಿಸುವುದೆಂದು ತಿಳಿಯದೆ ಮೌನವಾಗುವ ಯುವಕ ಯುವತಿಯರು ಆ ತಗ್ಗಿದ ತಲೆಯನ್ನೂ ಆ ಬಳಿಕ ಬಂದ ಉತ್ತರವನ್ನೂ ನೆನಪಿಡಬೇಕು.

ಬಗ್ದಾದಿನ ದಾಖಲೆ

ಹಿಜರಿ 5ನೇ ಶತಮಾನದ ಮಧ್ಯಭಾಗದಲ್ಲಿ ಬಗ್ದಾದಿನ ವಝೀರರ ಮುಂದೆ ಒಂದು ದಾಖಲೆಯನ್ನು ಇಡಲಾಯಿತು. ಖೈಬರಿನ ನಿವಾಸಿಗಳಿಗೆ ಜಿಝ್ಯಾ ತೆರಿಗೆಯಿಂದ ವಿನಾಯಿತಿ ನೀಡಿ ಪ್ರವಾದಿವರ್ಯರೇ(ಸ) ಬರೆಯಿಸಿದ ಪತ್ರವಿದು, ಇದು ಹಝ್ರತ್ ಅಲೀ(ರ) ಅವರ ಕೈಬರಹ ಎಂದು ಅದನ್ನು ತಂದವರು ಹೇಳಿಕೊಂಡರು. ಕೆಳಗೆ ಸಹಾಬಿಗಳ ಸಾಕ್ಷ್ಯವೂ ಇತ್ತು. ಇಷ್ಟು ಪವಿತ್ರವಾದ ಹೆಸರುಗಳನ್ನು ಹೊತ್ತ ಕಾಗದವನ್ನು ಸಂಶಯಿಸಲು ಯಾರಿಗೆ ಧೈರ್ಯ ಬಂದೀತು?

ವಝೀರರು ಅದನ್ನು ಹದೀಸ್ ವಿದ್ವಾಂಸರಾದ ಖತೀಬ್ ಅಲ್ ಬಗ್ದಾದಿ(ರ) ಅವರಿಗೆ ತೋರಿಸಿದರು. 7,000ಕ್ಕೂ ಹೆಚ್ಚು ವ್ಯಕ್ತಿಗಳ ಚರಿತ್ರೆಯನ್ನೊಳಗೊಂಡ ‘ತಾರೀಖ್ ಬಗ್ದಾದ್’ ಗ್ರಂಥದ ಕರ್ತೃ ಅವರು. ದಾಖಲೆಯನ್ನು ನೋಡಿದ ಅವರು ಇದು ನಕಲಿ ಎಂದರು. ಹೇಗೆ ತಿಳಿಯಿತು ಎಂದು ಕೇಳಿದಾಗ ಅವರು ಎರಡು ಹೆಸರುಗಳತ್ತ ಬೆರಳು ತೋರಿಸಿದರು. ಸಾಕ್ಷಿಗಳಲ್ಲಿ ಮುಆವಿಯಾ(ರ) ಅವರ ಹೆಸರಿತ್ತು. ಅವರು ಇಸ್ಲಾಮ್ ಸ್ವೀಕರಿಸಿದ್ದು ಹಿಜರಿ 8ರಲ್ಲಿ, ಮಕ್ಕಾ ವಿಜಯದ ಸಂದರ್ಭದಲ್ಲಿ. ಖೈಬರಿನ ಘಟನೆ ನಡೆದದ್ದು ಹಿಜರಿ 7ರಲ್ಲಿ. ಇನ್ನೊಬ್ಬ ಸಾಕ್ಷಿ ಸಅದ್ ಇಬ್ನ್ ಮುಆದ್(ರ). ಖಂದಕ್ ಯುದ್ಧದಲ್ಲಿ ಗಾಯಗೊಂಡಿದ್ದ ಅವರು ಹಿಜರಿ 5ರಲ್ಲೇ, ಅಂದರೆ ಖೈಬರಿಗೆ ಎರಡು ವರ್ಷ ಮೊದಲೇ ನಿಧನರಾಗಿದ್ದರು.

ಆ ಕಾಗದ ಪ್ರಾಚೀನವೇ, ಶಾಯಿ ಯಾವುದು ಎಂಬ ವಾದಕ್ಕೆ ಅವರು ಇಳಿಯಲಿಲ್ಲ. ಅದನ್ನು ತಂದವರ ಧರ್ಮ ಯಾವುದೆಂಬುದನ್ನೂ ಆಧಾರವಾಗಿಸಲಿಲ್ಲ. ಕೃತಕ ದಾಖಲೆ ಮಾಡುವವರು ಮುಸ್ಲಿಮರಲ್ಲಿಯೂ ಧಾರಾಳವಾಗಿದ್ದಾರೆಂದು ಹದೀಸ್ ವಿದ್ವಾಂಸರಿಗೆ ಚೆನ್ನಾಗಿಯೇ ತಿಳಿದಿತ್ತು. ಅವರು ನೋಡಿದ್ದು ದಿನಾಂಕವನ್ನು. ವರದಿಗಾರರು ಸುಳ್ಳನ್ನು ಬಳಸತೊಡಗಿದಾಗ ನಾವು ಅವರ ವಿರುದ್ಧ ಇತಿಹಾಸದ ಕಾಲಗಣನೆಯನ್ನು ಬಳಸಿದೆವು ಎಂಬರ್ಥದ ಮಾತು ಸುಫ್ಯಾನ್ ಸೌರಿ(ರ) ಅವರದೆಂದು ಪ್ರಸಿದ್ಧವಾಗಿದೆ. ಎಲ್ಲೋ ಯಾವಾಗಲೋ ನಡೆದ ಘಟನೆಯ ಚಿತ್ರವನ್ನು ನಿನ್ನೆ ನಮ್ಮ ಪಕ್ಕದ ಊರಿನಲ್ಲಿ ನಡೆದದ್ದು ಎಂದು ಹಂಚುವ ಈ ಕಾಲದಲ್ಲಿ ಸುಳ್ಳನ್ನು ಹಿಡಿಯುವ ಅತ್ಯಂತ ಸುಲಭ ಉಪಾಯ ಈಗಲೂ ಅದೇ. ಇದು ಯಾವಾಗಿನದು, ಎಲ್ಲಿಯದು ಎಂದು ಕೇಳುವುದು.

ಸದುದ್ದೇಶದ ಸುಳ್ಳು

ಸುಳ್ಳು ಹದೀಸುಗಳನ್ನು ಸೃಷ್ಟಿಸಿದವರೆಲ್ಲರೂ ಇಸ್ಲಾಮಿನ ಶತ್ರುಗಳಾಗಿರಲಿಲ್ಲ. ಹಿಜರಿ 2ನೇ ಶತಮಾನದ ನೂಹ್ ಇಬ್ನ್ ಅಬೀ ಮರ್ಯಮ್ ಎಂಬಾತ ಕುರ್‌ಆನಿನ ಒಂದೊಂದು ಸೂರಃದ ಶ್ರೇಷ್ಠತೆಯ ಬಗ್ಗೆ ಹದೀಸುಗಳನ್ನು ಕಟ್ಟಿದ್ದನೆಂದು ವಿದ್ವಾಂಸರು ದಾಖಲಿಸಿದ್ದಾರೆ. ಜನರು ಕುರ್‌ಆನನ್ನು ಬಿಟ್ಟು ಇತರ ವಿಷಯಗಳಲ್ಲಿ ಮುಳುಗಿರುವುದನ್ನು ಕಂಡು ಪುಣ್ಯದ ನಿರೀಕ್ಷೆಯಿಂದ ಹಾಗೆ ಮಾಡಿದೆ ಎಂಬುದು ಅವನ ಸಮರ್ಥನೆ. ವಿದ್ವಾಂಸರು ಅವನ ಉದ್ದೇಶಕ್ಕೆ ಮರುಳಾಗಲಿಲ್ಲ. ಪ್ರವಾದಿವರ್ಯರ(ಸ) ಹೆಸರಿನಲ್ಲಿ ಬುದ್ಧಿಪೂರ್ವಕ ಸುಳ್ಳು ಹೇಳುವವನ ನೆಲೆ ನರಕವೆಂಬ ಎಚ್ಚರಿಕೆಯಲ್ಲಿ ‘ಒಳ್ಳೆಯ ಉದ್ದೇಶವಿಲ್ಲದಿದ್ದರೆ’ ಎಂಬ ಷರತ್ತು ಇಲ್ಲ.

ಇನ್ನೊಂದು ಕಥೆ ಬಹಳ ಜನಪ್ರಿಯವಾಗಿದೆ. ಬಗ್ದಾದಿನ ಮಸೀದಿಯೊಂದರಲ್ಲಿ ಕಥೆಗಾರನೊಬ್ಬ ಅಹ್ಮದ್ ಇಬ್ನ್ ಹಂಬಲ್(ರ) ಮತ್ತು ಯಹ್ಯಾ ಇಬ್ನ್ ಮಈನ್(ರ) ಅವರ ಹೆಸರಿನಲ್ಲಿ ಹದೀಸೊಂದನ್ನು ಹೇಳುತ್ತಿದ್ದ. ಅವರಿಬ್ಬರೂ ಸಭೆಯಲ್ಲೇ ಕುಳಿತಿದ್ದರು. ಬಳಿಕ ಅವನನ್ನು ಕರೆದು, ನಾವೇ ಆ ಇಬ್ಬರು, ಇದನ್ನು ನಾವು ಹೇಳಿಯೇ ಇಲ್ಲವಲ್ಲ ಎಂದಾಗ, ಆ ಹೆಸರಿನವರು ಜಗತ್ತಿನಲ್ಲಿ ನೀವಿಬ್ಬರೇ ಇರುವುದೇ ಎಂದು ಅವನು ಅವರನ್ನೇ ಗೇಲಿ ಮಾಡಿದನಂತೆ. ಹೆಸರಿನ ದುರುಪಯೋಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಸಿಗದು.

ಆದರೆ ಹದೀಸ್ ವಿಮರ್ಶಕ ಇಮಾಮ್ ದಹಬಿ(ರ) ಈ ಕಥೆಯನ್ನು ಉಲ್ಲೇಖಿಸಿ, ಇದನ್ನು ಹೇಳಿದ ವರದಿಗಾರನ ಪರಿಚಯ ತನಗಿಲ್ಲ, ಅವನೇ ಇದನ್ನು ಕಟ್ಟಿರಬಹುದೆಂಬ ಶಂಕೆ ತನಗಿದೆ ಎಂದು ಬರೆದಿದ್ದಾರೆ. ಸುಳ್ಳುಗಾರರ ವಿರುದ್ಧ ಬಳಸಲು ಅವರಿಗೆ ಇದು ಎಷ್ಟು ಅನುಕೂಲಕರ ಕಥೆ! ಆದರೂ ಅವರು ತಮ್ಮ ಪರವಾಗಿರುವ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿದರು. ಪ್ರಾಯಶಃ ನಮಗೆ ಅತ್ಯಂತ ಕಷ್ಟವೆನಿಸುವ ಪಾಠ ಇದು. ನಮ್ಮ ವಿರುದ್ಧ ಬರುವ ಸುಳ್ಳನ್ನು ನಾವು ಕ್ಷಣದಲ್ಲಿ ಗುರುತಿಸುತ್ತೇವೆ. ನಮ್ಮ ಸಮುದಾಯವನ್ನು ಹೊಗಳುವ, ನಮ್ಮ ನೋವನ್ನು ಹೇಳುವ ಸುಳ್ಳನ್ನು ಮಾತ್ರ ಪರೀಕ್ಷಿಸದೆ ಹಂಚುತ್ತೇವೆ.

ನಾಲಗೆಯಿಂದ ನಾಲಗೆಗೆ

ಹೆಸರನ್ನು ಕದಿಯುವುದು ಒಂದು ಅಪರಾಧವಾದರೆ, ಹೆಸರಿಗೆ ಮಸಿ ಬಳಿಯುವುದು ಇನ್ನೊಂದು. ಬನೂ ಮುಸ್ತಲಿಕ್ ಅಭಿಯಾನದಿಂದ ಮರಳುವಾಗ ಸತ್ಯವಿಶ್ವಾಸಿಗಳ ಮಾತೆ ಆಯಿಶಾ(ರ) ಕಳೆದುಹೋದ ಕಂಠಹಾರವನ್ನು ಹುಡುಕುತ್ತಾ ಹಿಂದುಳಿದರು. ತಂಡದ ಹಿಂದೆ ಬರುತ್ತಿದ್ದ ಸಫ್ವಾನ್(ರ) ಅವರನ್ನು ಕಂಡು ತನ್ನ ಒಂಟೆಯ ಮೇಲೆ ಕರೆತಂದರು. ಕಪಟವಿಶ್ವಾಸಿಗಳ ನಾಯಕ ಅಬ್ದುಲ್ಲಾ ಇಬ್ನ್ ಉಬಯ್ಯ್ ಇದನ್ನೇ ಮಿಥ್ಯಾರೋಪವಾಗಿ ತಿರುಗಿಸಿದ.

ಆ ಮಾತು ಸುಮಾರು ಒಂದು ತಿಂಗಳು ಮದೀನಾದಲ್ಲಿ ಸುತ್ತಾಡಿತು. ಆಯಿಶಾ(ರ) ಅವರಿಗೆ ಮೊದಲು ಅದು ತಿಳಿದೇ ಇರಲಿಲ್ಲ, ತಿಳಿದ ಮೇಲೆ ಅವರು ಅತ್ತು ಅತ್ತು ಬಸವಳಿದರು. ಕೊನೆಗೆ ಸೂರಃ ಅನ್ನೂರ್‌ನ ಸೂಕ್ತಗಳು ಅವರ ಪಾವಿತ್ರ್ಯವನ್ನು ಘೋಷಿಸಿದವು. ಆ ಸೂಕ್ತಗಳು ಆರೋಪವನ್ನು ಕಟ್ಟಿದವನನ್ನು ಮಾತ್ರವಲ್ಲ, ಅದನ್ನು ನಾಲಗೆಯಿಂದ ನಾಲಗೆಗೆ ದಾಟಿಸಿದವರನ್ನೂ ಗದರಿಸಿದವು. ತಿಳಿವಳಿಕೆಯಿಲ್ಲದ ವಿಷಯವನ್ನು ಬಾಯಿಯಿಂದ ಆಡುವುದನ್ನು ಅವರು ಹಗುರವೆಂದು ಬಗೆದರು, ಅಲ್ಲಾಹನ ಬಳಿ ಅದು ಘೋರವಾಗಿತ್ತು ಎಂಬುದು ಅದರ ಸಾರ. ಫಾರ್ವರ್ಡ್ ಮಾಡುವ ಬೆರಳಿಗೂ ಇದು ಅನ್ವಯಿಸದೆ ಇರಲು ಕಾರಣವಿಲ್ಲ.

ಆ ತಿಂಗಳಲ್ಲಿ ಯಾರು ಹೇಗೆ ನಡೆದುಕೊಂಡರು ಎಂಬುದೂ ಇತಿಹಾಸದಲ್ಲಿದೆ. ಪ್ರವಾದಿವರ್ಯರ(ಸ) ಪತ್ನಿಯರಲ್ಲಿ ಆಯಿಶಾ(ರ) ಅವರಿಗೆ ಸರಿಸಾಟಿಯಾಗಿ ನಿಲ್ಲುತ್ತಿದ್ದವರು ಝೈನಬ್(ರ). ಅವರ ಸಹೋದರಿ ಹಮ್ನಾ(ರ) ಕೂಡ ಗಾಳಿಮಾತಿಗೆ ಬಲಿಯಾದರು. ಆದರೆ ಅಭಿಪ್ರಾಯ ಕೇಳಿದಾಗ ಝೈನಬ್(ರ) ತನ್ನ ಕಿವಿಯನ್ನೂ ಕಣ್ಣನ್ನೂ ಕಾಯ್ದುಕೊಳ್ಳುತ್ತೇನೆ, ಆಕೆಯಲ್ಲಿ ಒಳಿತಲ್ಲದೆ ಬೇರೇನನ್ನೂ ಕಂಡಿಲ್ಲ ಎಂದರು. ಇನ್ನು, ಆರೋಪದಲ್ಲಿ ಭಾಗಿಯಾದವರಲ್ಲಿ ಒಬ್ಬರಾದ ಮಿಸ್ತಹ್(ರ), ಆಯಿಶಾ(ರ) ಅವರ ತಂದೆ ಅಬೂಬಕರ್(ರ) ಅವರ ನೆರವಿನಿಂದಲೇ ಬದುಕುತ್ತಿದ್ದ ಬಂಧು. ನೆರವನ್ನು ನಿಲ್ಲಿಸುವುದಾಗಿ ಅಬೂಬಕರ್(ರ) ಆಣೆಯಿಟ್ಟಾಗ, ಕ್ಷಮಿಸುವಂತೆ ಪ್ರೇರೇಪಿಸುವ ಸೂಕ್ತ ಅವತೀರ್ಣವಾಯಿತು. ಅವರು ನೆರವನ್ನು ಮತ್ತೆ ಆರಂಭಿಸಿದರು. ಆರೋಪಿಸಿದವರ ಸಾಲಿನಲ್ಲಿದ್ದ ಕವಿ ಹಸ್ಸಾನ್(ರ) ಅವರನ್ನು ಮುಂದೆ ಯಾರಾದರೂ ತನ್ನೆದುರು ನಿಂದಿಸಿದರೆ ಸ್ವತಃ ಆಯಿಶಾ(ರ) ತಡೆಯುತ್ತಿದ್ದರು. ತಪ್ಪಿಗೆ ಶಿಕ್ಷೆಯಾಯಿತು, ಆದರೆ ತಪ್ಪಿತಸ್ಥನ ಹೆಸರನ್ನು ಆ ತಪ್ಪಿಗೇ ಶಾಶ್ವತವಾಗಿ ಕಟ್ಟಿಹಾಕಲಿಲ್ಲ. ಯಾರದೋ ಹತ್ತು ವರ್ಷಗಳ ಹಿಂದಿನ ಪೋಸ್ಟಿನ ಸ್ಕ್ರೀನ್‌ಶಾಟನ್ನು ಜೋಪಾನವಾಗಿ ಇಟ್ಟುಕೊಂಡು ಸಮಯ ನೋಡಿ ಹೊರತೆಗೆಯುವವರು ಇದನ್ನು ಓದಬೇಕು.

ನಮ್ಮ ಕಾಲದ ಪತ್ರಗಳು

ಇವೆಲ್ಲ ಹಳೆಯ ಕಾಲದ ಸಂಗತಿಗಳೆಂದು ಬದಿಗಿಡುವಂತಿಲ್ಲ. 2012ರ ಆಗಸ್ಟ್‌ನಲ್ಲಿ, ರಮಝಾನ್ ಮುಗಿದ ಕೂಡಲೇ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯುತ್ತದೆ ಎಂಬ ವದಂತಿ ಎಸ್‌ಎಂಎಸ್‌ಗಳಲ್ಲಿ ಹರಡಿತು. ಬೆಂಗಳೂರಿನಿಂದ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು, ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಒಮ್ಮೆಗೆ 5ಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳುಹಿಸುವುದನ್ನು ಕೇಂದ್ರ ಸರಕಾರ 15 ದಿನಗಳ ಕಾಲ ನಿರ್ಬಂಧಿಸಿತು. ಆ ಸಂದೇಶಗಳಲ್ಲಿ ಒಂದು ಇಡೀ ಸಮುದಾಯದ ಹೆಸರನ್ನು, ಆ ಸಮುದಾಯಕ್ಕೆ ತಿಳಿಯದಂತೆ ಬೆದರಿಕೆಗೆ ಬಳಸಲಾಗಿತ್ತು.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಗುಂಪೊಂದು ಹೊಡೆದು ಕೊಂದಿತು. ಅವರೂ ಅವರ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5ಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕುವುದಾಗಿ ಘೋಷಿಸಿತು.

2021ರ ಜುಲೈಯಲ್ಲಿ ಮತ್ತು 2022ರ ಜನವರಿ 1ರಂದು ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಅವರ ಖಾತೆಗಳಿಂದ ಕದ್ದು ‘ಹರಾಜಿಗೆ’ ಇಟ್ಟ ಎರಡು ಆಪ್‌ಗಳು ಬಂದವು. ಪತ್ರಕರ್ತೆಯರು, ಹೋರಾಟಗಾರ್ತಿಯರು, ತಾಯಂದಿರು ಅದರಲ್ಲಿದ್ದರು. ಎರಡನೆಯ ಆಪ್‌ಗೆ ಸಂಬಂಧಿಸಿದ ಖಾತೆಗಳಲ್ಲಿ ಆರೋಪಿಗಳು ಸಿಖ್ ಹೆಸರುಗಳನ್ನು ಬಳಸಿದ್ದರೆಂದು ಪೊಲೀಸರು ತಿಳಿಸಿದರು. ಒಂದು ಸಮುದಾಯದ ಸ್ತ್ರೀಯರ ಮಾನಕ್ಕೆ ಕೈಹಾಕುವಾಗ ಅದರ ಅಪವಾದವನ್ನು ಇನ್ನೊಂದು ಸಮುದಾಯದ ತಲೆಗೆ ಕಟ್ಟುವ ಯತ್ನ ಅದು. ಈಜಿಪ್ಟಿನ ದಾರಿಯಲ್ಲಿ ಸಿಕ್ಕಿದ ಪತ್ರವೂ ಮದೀನಾದ ಮಿಥ್ಯಾರೋಪವೂ ಇಲ್ಲಿ ಒಂದಾಗಿವೆ.

ಹೆಸರು ಒಂದು ಅಮಾನತ್ತು

ಆ ಘಟನೆಗಳ ಬಳಿಕ ಅನೇಕ ಮಹಿಳೆಯರು ಸಾಮಾಜಿಕ ಜಾಲತಾಣದಿಂದ ಹಿಂದೆ ಸರಿಯುವ ಯೋಚನೆ ಮಾಡಿದರು. ಹೆಣ್ಣುಮಕ್ಕಳು ಮೊಬೈಲನ್ನೇ ಬಿಡಬೇಕು ಎಂಬ ಸಲಹೆಯೂ ನಮ್ಮಲ್ಲಿ ಕೇಳಿಬರುತ್ತದೆ. ಕಳ್ಳನಿದ್ದಾನೆಂದು ಮನೆಯೊಡತಿಯನ್ನು ಮನೆಯಿಂದ ಹೊರಹಾಕುವ ನ್ಯಾಯವಿದು. ಮುದ್ರೆ ನಕಲಾಗಬಹುದೆಂದು ಪ್ರವಾದಿವರ್ಯರು(ಸ) ಪತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಮುದ್ರೆಯನ್ನು ರಕ್ಷಿಸುವ ನಿಯಮ ಮಾಡಿದರು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮು ಇನ್ನೊಬ್ಬರ ಪಾಸ್‌ವರ್ಡ್, ಇಲೆಕ್ಟ್ರಾನಿಕ್ ಸಹಿ ಮುಂತಾದ ಗುರುತುಗಳನ್ನು ಮೋಸದಿಂದ ಬಳಸುವುದಕ್ಕೆ 3 ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸುತ್ತದೆ. ಸೈಬರ್ ವಂಚನೆಯ ದೂರಿಗೆ 1930 ಎಂಬ ಸಹಾಯವಾಣಿ ಇದೆ. ಅನ್ಯಾಯಕ್ಕೊಳಗಾದವರು ನಾಚಿಕೆಯಿಂದ ಮೌನವಾಗಬಾರದು, ಅವರ ಮನೆಯವರು ಅವರನ್ನೇ ತಪ್ಪಿತಸ್ಥರನ್ನಾಗಿಸಬಾರದು.

ತನ್ನ ಸುರಕ್ಷತೆಗಾಗಿ ವಿವರಗಳನ್ನು ಬಚ್ಚಿಡುವುದು ಬೇರೆ, ಇನ್ನೊಬ್ಬರ ಹೆಸರಿನಲ್ಲಿ ಮಾತನಾಡುವುದು ಬೇರೆ ಎಂಬುದನ್ನೂ ತಿಳಿದಿರಬೇಕು. ಗುಹಾವಾಸಿಗಳು ಆಹಾರ ತರಲು ಒಬ್ಬನನ್ನು ಪಟ್ಟಣಕ್ಕೆ ಕಳುಹಿಸುವಾಗ, ತಮ್ಮ ಸುಳಿವು ಯಾರಿಗೂ ಸಿಗದಂತೆ ಎಚ್ಚರದಿಂದಿರಲು ಹೇಳಿದ್ದನ್ನು ಸೂರಃ ಅಲ್ ಕಹ್ಫ್ ತಿಳಿಸುತ್ತದೆ. ಮನೆಯ ವಿಳಾಸ, ಮಕ್ಕಳ ಫೋಟೋ, ಪ್ರಯಾಣದ ವಿವರಗಳನ್ನು ಎಲ್ಲರ ಮುಂದೆ ಇಡದಿರುವುದು ಅದೇ ಜಾಣ್ಮೆ. ಆದರೆ ಸುಳ್ಳು ಹೆಸರಿನ ಖಾತೆ ತೆರೆದು ಇನ್ನೊಬ್ಬರನ್ನು ನಿಂದಿಸುವವನು, ಅದು ಧರ್ಮದ ರಕ್ಷಣೆಗೆಂದು ಎಷ್ಟೇ ಹೇಳಿಕೊಂಡರೂ, ಸುಳ್ಳು ಸಾಕ್ಷಿಯ ಸಾಲಿನಲ್ಲಿ ನಿಲ್ಲುತ್ತಾನೆ. ಹಾಗೆಯೇ, ಬಾಗಿಲಿನ ರಂಧ್ರದಿಂದ ತನ್ನ ಮನೆಯೊಳಗೆ ಇಣುಕಿದವನನ್ನು ಪ್ರವಾದಿವರ್ಯರು(ಸ) ಗದರಿಸಿ, ಅನುಮತಿ ಕೇಳುವ ನಿಯಮ ಇರುವುದೇ ನೋಟದ ಕಾರಣಕ್ಕೆ ಎಂದು ತಿಳಿಸಿದ್ದರು. ಇನ್ನೊಬ್ಬರ ಫೋನಿನಲ್ಲಿ, ಖಾಸಗಿ ಚಾಟಿನಲ್ಲಿ ಇಣುಕುವುದೂ ಬಾಗಿಲಿನ ರಂಧ್ರವೇ ಆಗಿದೆ.

ಸತ್ಯವಿಶ್ವಾಸಿಗಳೇ, ನಂಬಲರ್ಹನಲ್ಲದವನು ಸುದ್ದಿ ತಂದಾಗ ಅದನ್ನು ಪರಿಶೀಲಿಸಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸಿದೆ. ಪರಿಶೀಲಿಸದಿದ್ದರೆ ಅರಿಯದೆ ಒಂದು ಜನಾಂಗಕ್ಕೆ ಹಾನಿಯೆಸಗಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತು ಎಂದೂ ಅದು ಎಚ್ಚರಿಸಿದೆ. ಮುರ್ಕಿಯ ರಸ್ತೆಯಲ್ಲಿ ಬಿದ್ದ ಯುವಕನ ಮನೆಯವರಿಗೆ ಯಾರ ಪಶ್ಚಾತ್ತಾಪವೂ ಉಪಯೋಗಕ್ಕೆ ಬರಲಿಲ್ಲ.

ಶೇಖ್ ಅಹ್ಮದರ ಕನಸಿನ ಸಂದೇಶವು ಮುಂದಿನ ಬಾರಿ ನಮ್ಮ ಗ್ರೂಪಿಗೆ ಬಂದಾಗ, ಅದನ್ನು ಕಳುಹಿಸಿದ ಹಿರಿಯರನ್ನು ಎಲ್ಲರೆದುರು ಅವಮಾನಿಸದೆ, ಪ್ರತ್ಯೇಕವಾಗಿ ಮಾತನಾಡಿ, ‘ಇದನ್ನು ತಾವು ಯಾರಿಂದ ಕೇಳಿದಿರಿ?’ ಎಂದು ವಿನಯದಿಂದ ಕೇಳೋಣ. ಸರಣಿಯು ನಮ್ಮಲ್ಲಿಗೆ ಬಂದು ನಿಲ್ಲಲಿ. ನಾವು ಬರೆದದ್ದೂ, ಹಂಚಿದ್ದೂ ನಮ್ಮ ಕರ್ಮಗ್ರಂಥದಲ್ಲಿ ನಮ್ಮ ನಿಜವಾದ ಹೆಸರಿನಲ್ಲೇ ದಾಖಲಾಗುತ್ತಿದೆ. ಅಲ್ಲಿ ನಕಲಿ ಖಾತೆಗೆ ಅವಕಾಶವಿಲ್ಲ.

ನಮ್ಮ ನಾಲಗೆ ಮತ್ತು ಬೆರಳುಗಳನ್ನು ಸುಳ್ಳಿನಿಂದ ಕಾಪಾಡಿ, ನಮ್ಮ ಹಾಗೂ ಇತರರ ಗೌರವವನ್ನು ಅಮಾನತ್ತಾಗಿ ಕಾಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.